ಕಿರಿಯ ಮಗನಿಗೆ ಎಷ್ಟೆಕರೆ?

ಊರಿಗೆಲ್ಲ ಎರಡೋ ಮೂರೋ ಟೀವಿ ಇದ್ದ ಕಾಲ. ಯಜಮಾನರು ಹೋಗಿ ಆಗಲೇ ಸುಮಾರು ವರ್ಷವಾಗಿತ್ತು. ನನ್ನ ಇಬ್ಬರು ಗಂಡುಮಕ್ಕಳೂ ಅವರ ಹೆಂಡಿರೂ ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುತ್ತಿದ್ದರು. ಹುಣಸೂರಿನಿಂದ ಪಿರಿಯಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ಒಳಕ್ಕೆ ತಿರುಗಿದರೆ ನಮ್ಮೂರು. ಅಲ್ಲಿ ಎಲ್ಲರದೂ ಹೊಗೆಸೊಪ್ಪು. ಸೊಪ್ಪು ಮುರಿದು, ಕಡ್ಡಿಗೆ ಕಟ್ಟಿ, ಸೊಪ್ಪು ಒಣಗಿಸುವ ಬ್ಯಾರನ್ನಿನೊಳಗೆ ತೂಗುಹಾಕಿ ಬೆಂಕಿ ಕೊಡುವ ಕಾಲ ಬಂತೆಂದರೆ ಯಾರಿಗೂ ಸರಿಯಾಗಿ ನಿದ್ದೆಯಿಲ್ಲ, ಎಲ್ಲರ ಮೂಗಿನ ತುದಿಯಲ್ಲೂ ಸಿಟ್ಟು. ಆ ವರ್ಷ ನನ್ನ ಸೊಸೆಯರಿಬ್ಬರೂ ಆಳುಗಳಿಗೆ ಬುತ್ತಿ ಹೊರುವವರು ಯಾರು ಎಂದು ಕಿತ್ತಾಡಿ ಮಾತು ಬಿಟ್ಟಿದ್ದರು. ಉಪ್ಪು ಎಲ್ಲಿಟ್ಟೆ ಎಂದು ಕೇಳುವುದಕ್ಕೂ ನಡುವೆ ನಾನು ಬೇಕು. ಮನೆ ಒಡೆಯುವುದು ಹೀಗೇ ಶುರುವಾಗುತ್ತದೆ, ಅಕ್ಕಪಕ್ಕದಲ್ಲಿ ನೋಡಿದ್ದೇನೆ. ನಾನಿರುವ ತನಕ ನಮ್ಮ ಮನೆ ಒಡೆಯಬಾರದು ಅನ್ನುವುದೊಂದೇ ನನ್ನ ಹಟ.

ಒಂದು ಸಾಯಂಕಾಲ ಹಸುವಿಗೆ ಕಲಗಚ್ಚು ಇಟ್ಟು ಹಿತ್ತಿಲ ಬಾಗಿಲಿಂದ ಬರುತ್ತಿದ್ದೆ. ನಡುಮನೆಯಲ್ಲಿ ದೊಡ್ಡ ಮಗನೂ ದೊಡ್ಡ ಸೊಸೆಯೂ ಮಾತಾಡುವುದು ಕೇಳಿಸಿತು.

"ದೊಡ್ಡೋನ್ಗೆ ಅರ್ದ, ಅದ್ರಲ್ಲಿ ಮಾತೇ ಇಲ್ಲ," ಅಂದ ಮಗ. "ಚಿಕ್ಕೋನ್ಗೆ ಎಲ್ಡೆಕ್ರೆ ಬತ್ತದೆ, ಅಷ್ಟೇಯ."

"ಎಲ್ಡೆಕ್ರೆ ಎಂಗ್ರೀ? ನಾಕೆಕ್ರೆ ಕೊಡ್ಬೇಕು," ಅಂದಳು ಸೊಸೆ.

"ಅಂಗಾದ್ರೆ ಮುದುಕಿಗೆ ಏನ್ ಉಳೀತದೆ?"

ಎದೆ ಝಲ್ಲೆಂದಿತು ಎಂದು ಬರೆದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯಿತು. ತಮ್ಮ ಅಲ್ಲಿ ಬ್ಯಾರನ್ ಮುಂದೆ ಬೆಂಕಿಗೆ ಮುಖ ಕೊಟ್ಟು ಕೂತಿದ್ದಾನೆ, ಇಲ್ಲಿ ಗಂಡ ಹೆಂಡತಿ ಸೇರಿ ಭಾಗ ಮಾಡುತ್ತಿದ್ದಾರೆ! ಕೈಯಲ್ಲಿದ್ದ ಖಾಲಿ ಬಕೀಟನ್ನು ಹೊಸಿಲ ಮೇಲೆ ಕುಕ್ಕಿದೆ.

"ಯಾರ್ನ ಕೇಳ್ಕಂಡು ಭಾಗ ಮಾಡ್ತಿದ್ದೀಯಲಾ? ನಾನಿನ್ನೂ ಗುಂಡ್ಕಲ್ಲಂಗೆ ಇವ್ನಿ. ಮುದುಕಿಗೆ ಏನ್ ಉಳೀತದೆ ಅಂತೀಯ? ನಿನ್ಗೆ ಏನ್ ಉಳಿಸ್ತೀನಿ ನೋಡ್ತಿರು!"

ಗಂಡ ಹೆಂಡತಿ ನಡುವೆ ಮೊಮ್ಮಗಳು ಬೋರಲು ಮಲಗಿದ್ದಳು, ಅವಳ ಮುಂದೆ ಲೆಕ್ಕದ ಪುಸ್ತಕ.

"ಅಜ್ಜೀ, ಓಂವರ್ಕು ಕಣಜ್ಜಿ!"

"ಓಂವರ್ಕಲ್ಲಿ ನಿಮ್ ಚಿಕ್ಕಪ್ಪನ ಪಾಲು ಯಾಕ್ ಬಂತಮ್ಮಿ?"

ನನ್ನ ಗಂಟಲು ಸಣ್ಣದಲ್ಲ. ಬ್ಯಾರನ್ ಇದ್ದದ್ದು ಮನೆಯ ಹಿಂದೆಯೇ. ಭಾಗ ಅನ್ನುವ ಮಾತು ಅಲ್ಲಿಗೂ ಮುಟ್ಟಿ, ಚಿಕ್ಕ ಮಗ ಬೆವರು ಬೂದಿ ಮೆತ್ತಿಕೊಂಡು ಓಡಿ ಬಂದ. ಅಡುಗೆಮನೆಯಿಂದ ಅವನ ಹೆಂಡತಿಯೂ ಬಂದು ಬಾಗಿಲಿಗೆ ಒರಗಿದಳು.

"ಏನಣ್ಣ ಭಾಗ? ನಂಗೊಂದ್ ಮಾತು ಏಳ್ಬಾರ್ದಾ?"

ಮೊಮ್ಮಗಳು ಎದ್ದು ನಿಂತು ಗಟ್ಟಿಯಾಗಿ ಓದಿದಳು: "ಒಬ್ಬ ರೈತನ ಬಳಿ ಹನ್ನೆರಡು ಎಕರೆ ಜಮೀನಿದೆ. ಅದರ ಅರ್ಧ ಭಾಗವನ್ನು ಹಿರಿಯ ಮಗನಿಗೂ, ಉಳಿದುದರ ಮೂರನೇ ಒಂದು ಭಾಗವನ್ನು ಕಿರಿಯ ಮಗನಿಗೂ, ಮಿಕ್ಕಿದ್ದನ್ನು ಹೆಂಡತಿಗೂ ಕೊಟ್ಟನು. ಹೆಂಡತಿಗೆ ದೊರೆತ ಜಮೀನು ಎಷ್ಟು?"

ದೊಡ್ಡ ಮಗ ಹೊಟ್ಟೆ ಹಿಡಿದುಕೊಂಡು ನಕ್ಕ. "ಅವ್ವಾ, ಅನ್ನೆಲ್ಡೆಕ್ರೆ ಎಲ್ಲೈತವ್ವಾ ನಮ್ಗೆ?"

ಎಲ್ಲರೂ ನಕ್ಕರು. ನಾನು ನಗಲಿಲ್ಲ. ತಪ್ಪು ಆ ಪುಸ್ತಕ ಬರೆದವನದು. ಇಬ್ಬರು ಗಂಡುಮಕ್ಕಳು, ಒಬ್ಬಳು ಮುದುಕಿ ಎಂದು ನಮ್ಮ ಮನೆಗೆ ಬಂದು ನೋಡಿಕೊಂಡು ಹೋಗಿ ಬರೆದ ಹಾಗಿತ್ತು.

ಚಿಕ್ಕ ಮಗ ಅಲ್ಲೇ ಕುಕ್ಕರಗಾಲಲ್ಲಿ ಕೂತ. "ಸರಿ ಬುಡು. ಲೆಕ್ಕದಲ್ಲಾದ್ರೂ ನಂಗೆಷ್ಟು ಬಂತು?"

"ಎಲ್ಡೆಕ್ರೆ."

"ನಿಂಗಾರು, ನಂಗೆಲ್ಡಾ? ಅನ್ನೆಲ್ಡರಲ್ಲಿ ಮೂರ್ನೇ ಒಂದು ನಾಕು ಕಣಣ್ಣ. ಪುಸ್ತಕದಲ್ಲೂ ಮೋಸ ಮಾಡ್ತೀಯಲ್ಲ!"

"ನಾನೂ ಅದ್ನೇ ಬಡ್ಕತಾ ಇವ್ನಿ," ಅಂದಳು ದೊಡ್ಡ ಸೊಸೆ. "ಚಿಕ್ಕೋನ್ಗೆ ನಾಕು ಕೊಡಿ ಅಂತ. ನಿಮ್ಮಣ್ಣ ಕೇಳ್ಬೇಕಲ್ಲ?"

ಬಾಗಿಲಿಗೆ ಒರಗಿದ್ದ ಚಿಕ್ಕ ಸೊಸೆ ತಲೆಯೆತ್ತಿದಳು. "ನಮ್ಗೆ ನಾಕು ಕೊಡಿ ಅಂತ ನೀವಂದ್ರಾ ಅಕ್ಕ?"

ಅಷ್ಟು ದಿನದ ಮೇಲೆ ಓರಗಿತ್ತಿಯ ಜೊತೆ ಅವಳು ಆಡಿದ ಮೊದಲ ಮಾತು ಅದು.

"ಊಂ ಕಣೆ. ಇವ್ರೊಬ್ರೇ ಆರೆಕ್ರೆ ಇಟ್ಕಂಡು ಏನ್ ಮಾಡಾರು? ಈ ಮನೇಲಿ ಒಂದು ಸೊಪ್ಪಿನ ಕಡ್ಡಿ ಎತ್ತಾಕೂ ಇವ್ರಿಗೆ ಸೊಂಟನೋವು."

ಚಿಕ್ಕ ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ನಕ್ಕಳು. ಒಳಗೆ ಹೋಗಿ ಒಂದು ಹಿಡಿ ಕಡಲೆಕಾಯಿ ತಂದು, ನೆಲದ ಮೇಲೆ ಹನ್ನೆರಡು ಎಣಿಸಿಟ್ಟಳು. ಮಾತಾಡುತ್ತಲೇ ಅವಳ ಗಂಡ ಒಂದನ್ನು ಸುಲಿದು ಬಾಯಿಗೆ ಹಾಕಿಕೊಂಡ. ಲೆಕ್ಕ ಕೆಟ್ಟಿತು.

"ಜಮೀನ್ನೇ ತಿಂದ್ಬುಟ್ರಲ್ರೀ!" ಎಂದು ಅವನ ಕೈಗೆ ಹೊಡೆದು ಬೇರೆ ಕಾಯಿ ಇಟ್ಟಳು. ಅರ್ಧವನ್ನು ಭಾವನ ಕಡೆಗೆ ಸರಿಸಿ, ಪುಸ್ತಕ ಎಳೆದುಕೊಂಡು ಇನ್ನೊಂದು ಸಲ ಓದಿದಳು.

"ಉಳಿದುದರ ಅಂತ ಅದೆ ಕಣಕ್ಕ. ಅಂದ್ರೆ ಈಗ ಇಲ್ಲಿ ಆರು ಮಿಕ್ಕವಲ್ಲ, ಇದ್ರಲ್ಲಿ ಮೂರ್ ಪಾಲು."

ಮಿಕ್ಕ ಕಾಯಿಯನ್ನು ಮೂರು ಗುಡ್ಡೆ ಮಾಡಿ, ಒಂದು ಗುಡ್ಡೆಯನ್ನು ಗಂಡನ ಮುಂದಕ್ಕೆ ತಳ್ಳಿದಳು. "ಎಲ್ಡೇ ಕಣ್ರೀ ನಮ್ಗೆ. ಬಾವ ಏಳಿದ್ದೇ ಸರಿ."

"ಕಟ್ಕಂಡ ಎಂಡ್ತಿನೇ ಇಂಗಂದ್ರೆ ನಾನ್ ಯಾವ್ ಕೋರ್ಟಿಗೆ ಓಗ್ಲಿ?" ಅಂದ ಚಿಕ್ಕ ಮಗ. ದೊಡ್ಡವನು ಮೀಸೆ ತಿರುವಿದ.

"ಮಿಕ್ಕಿದ್ದು ನಂದಲ್ವಾ?" ಅಂದೆ.

"ಊಂನಜ್ಜಿ, ನಿಂಗೆ ನಾಕೆಕ್ರೆ."

ಮುದುಕಿಗೆ ಚಿಕ್ಕ ಮಗನಿಗಿಂತ ಜಾಸ್ತಿ. ಲೆಕ್ಕ ಬರೆದವನ ಮೇಲಿದ್ದ ಸಿಟ್ಟು ಇಳಿಯಿತು. ನನ್ನ ಪಾಲಿನ ನಾಲ್ಕು ಕಾಯನ್ನೂ ಸುಲಿದು ತಿಂದೆ.

ಉತ್ತರ ಸಿಕ್ಕಿತು, ಆದರೆ ಮೊಮ್ಮಗಳು ಅಳುವುದಕ್ಕೆ ಶುರುಮಾಡಿದಳು. ಕಡಲೆಕಾಯಿಯಲ್ಲಿ ಮಾಡಿದ್ದನ್ನು ಮೇಷ್ಟ್ರು ಒಪ್ಪುವುದಿಲ್ಲವಂತೆ, ಮೇಲೆ ಕೆಳಗೆ ಅಂಕಿ ಹಾಕಿ ನಡುವೆ ಗೀಟೆಳೆದು ಸಾಲಾಗಿ ಬರೆಯಬೇಕಂತೆ. ಗಂಡಸರಿಬ್ಬರೂ ಬೆಂಕಿ ಆರೀತು ಎಂದು ಎದ್ದು ಬ್ಯಾರನ್ನಿಗೆ ಓಡಿದರು. ಸೊಸೆಯರಿಬ್ಬರೂ ಒಂದೇ ಚಾಪೆಯ ಮೇಲೆ ಪುಸ್ತಕಕ್ಕೆ ಬಗ್ಗಿದರು.

ದೀಪ ಹಚ್ಚುವ ಹೊತ್ತಾಯಿತು. ಒಲೆಯ ಮೇಲೆ ಎಸರಿಲ್ಲ. ಇಬ್ಬರನ್ನೂ ಬೈದು ಎಬ್ಬಿಸೋಣ ಎಂದು ನಡುಮನೆಗೆ ಹೋದೆ.

"ನೀನು ರಬ್ಬರಲ್ಲಿ ಅಳ್ಸು, ನಾನ್ ಬರೀತೀನಿ."

"ಅಯ್ಯೋ ಅಕ್ಕ, ಮೂರು ಕೆಳ್ಗೆ ಬರೀಬೇಕು, ಒಂದು ಮ್ಯಾಲೆ!"

ಬೈಯಲಿಲ್ಲ. ತಿರುಗಿ ಹೋಗಿ ನಾನೇ ಎಸರಿಟ್ಟು ಮುದ್ದೆ ತೊಳಸಿದೆ. ಕೋಲು ಹಿಡಿದು ಎಷ್ಟೋ ವರ್ಷವಾಗಿತ್ತು, ಹಿಟ್ಟು ಗಂಟುಗಂಟಾಯಿತು. ಊಟಕ್ಕೆ ಕೂತಾಗ ಚಿಕ್ಕ ಸೊಸೆ ದೊಡ್ಡವಳ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ಇದ್ನ ನುಂಗದಾ, ಅಗಿಯದಾ?"

ಇಬ್ಬರೂ ತಟ್ಟೆಯ ಮೇಲೆ ತಲೆ ಬಗ್ಗಿಸಿಕೊಂಡು, ಭುಜ ಅಲ್ಲಾಡಿಸಿ ನಗುತ್ತಿದ್ದರು. ನನಗೆ ಕೇಳಿಸಿತು. ಕೇಳಿಸದವಳ ಹಾಗೆ ಸಾರು ಬಡಿಸಿದೆ.