ಅಣ್ಣ ಹೆಸರು ಹೇಳಲಿಲ್ಲ

"ಸರ್, ನಿಮ್ಮ ಹೆಸರೇನು?"

"ಹೆಸರು ಈ ದೇಹದ್ದು. ನಂದಲ್ಲ."

ಕೇಳಿದ್ದು ಹೆಬ್ಬಾಳದ ಆಸ್ಪತ್ರೆಯೊಂದರ ಎಮರ್ಜೆನ್ಸಿ ಡಾಕ್ಟರ್. ಉತ್ತರ ಕೊಟ್ಟಿದ್ದು ನಮ್ಮಣ್ಣ. (ಈ ಅಂಕಣದಲ್ಲಿ ಅವನನ್ನು ಸಾಕಷ್ಟು ಸಲ ರೇಗಿಸಿದ್ದೇನೆ, ನಿಮಗೆ ಗೊತ್ತು.) ಕಳೆದ ಭಾನುವಾರ ಸಂಜಯನಗರದ ವೇದಾಂತ ಕ್ಲಾಸ್ ಮುಗಿಸಿ ಬರುವಾಗ ಸ್ಕೂಟರ್ ಸ್ಕಿಡ್ ಆಗಿ ತಲೆಗೆ ಪೆಟ್ಟು ಬಿದ್ದಿತ್ತು. ಹೆಲ್ಮೆಟ್ ಕನ್ನಡಿಗೆ ನೇತುಹಾಕಿದ್ದ ಪುಣ್ಯಾತ್ಮ.

ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದರು. "ಸ್ಕ್ಯಾನಲ್ಲಿ ರಕ್ತ ಕಾಣಿಸ್ತಿದೆ. ಬಾರ್ಡರ್‌ಲೈನ್. ಸರಿಯಾಗಿ ಮಾತಾಡ್ತಿದ್ರೆ ಕಾಯ್ಬಹುದು. ಇಲ್ಲಾಂದ್ರೆ ಈಗ್ಲೇ ಆಪರೇಷನ್. ಇವ್ರು ಯಾವಾಗ್ಲೂ ಹಿಂಗೇನಾ?"

ಏನು ಹೇಳಲಿ? ಯಾವಾಗಲೂ ಹೀಗೇ! ಬಾಗಿಲು ತಟ್ಟಿದಾಗ "ಯಾರು?" ಅಂದರೆ "ಅದನ್ನೇ ಹುಡುಕ್ತಾ ಇದೀನಿ" ಅನ್ನುವ ಆಸಾಮಿ. ಮಾಮೂಲಿ ಅಂದುಬಿಟ್ಟು, ಅದು ಪೆಟ್ಟಿನ ಮಾತಾಗಿದ್ದರೆ? ಅಲ್ಲ ಅಂದು, ಸುಮ್ಮನೆ ತಲೆ ಕೊಯ್ಯಿಸಿದರೆ?

"ಅಣ್ಣ, ಕೈ ಮುಗೀತೀನಿ. ಹೆಸ್ರು ಹೇಳೋ."

"ನೋಡೋನು ಬೇರೆ ಕಣೋ, ಕಾಣೋದು ಬೇರೆ..."

ಸಿಟ್ಟು ನೆತ್ತಿಗೇರಿತು. ಬದಲಾಗದ ಸಾಕ್ಷಿಯೊಬ್ಬ ಒಳಗಿದ್ದಾನೆ ಅನ್ನುತ್ತದೆ ವೇದಾಂತ. ಹುಡುಕಿ ನೋಡಿ, ಅಂಥವನು ಯಾರೂ ಇಲ್ಲ, ಇರುವುದು ಕ್ಷಣಕ್ಷಣದ ಹರಿವು ಮಾತ್ರ ಅನ್ನುತ್ತಾರೆ ಬೌದ್ಧರು. ಸಾವಿರಾರು ವರ್ಷದ ಜಗಳ. ಆದರೆ ಹೆಸರು, ಊರು, ನೆಂಟಸ್ತಿಕೆಯ ಈ 'ನಾನು' ನಂಬುವಂಥದ್ದಲ್ಲ ಅನ್ನುವುದಕ್ಕೆ ಇಬ್ಬರದೂ ಒಪ್ಪಿಗೆ. ಸ್ಟ್ರೆಚರ್ ಪಕ್ಕ ನಿಂತ ನನಗೆ ಬೇಕಿದ್ದದ್ದು ಆ 'ನಾನು' ಒಂದೇ.

ಅಷ್ಟರಲ್ಲಿ ಅತ್ತಿಗೆ ಓಡಿ ಬಂದರು. "ರೀ, ನಿಮ್ಮ ವೇದಾಂತ ಆಮೇಲೆ. ನಾನ್ಯಾರು, ಹೇಳ್ರೀ?"

ಅಣ್ಣ ಅವರ ಮುಖವನ್ನೇ ನೋಡಿದ. ತುಂಬ ಹೊತ್ತು ನೋಡಿದ.

"ತಪ್ಪು ತಿಳ್ಕೋಬೇಡಿ ಮೇಡಂ. ಗುರುತು ಸಿಗ್ಲಿಲ್ಲ."

ಅತ್ತಿಗೆ ಸ್ಟ್ರೆಚರಿನ ಕಂಬಿ ಹಿಡಿದುಕೊಂಡರು. ಆಮೇಲೆ ಡಾಕ್ಟರ್ ಕಡೆ ತಿರುಗಿದರು.

"ಆಪರೇಷನ್ ಮಾಡ್ಬಿಡಿ ಡಾಕ್ಟ್ರೇ. ಇದು ವೇದಾಂತ ಅಲ್ಲ. ಮದ್ವೆ ಆದಾಗ್ಲಿಂದ ಇವ್ರು ನನ್ನ 'ಲೇ' ಅಂತಾನೇ ಕರೆಯೋದು."

ಆಪರೇಷನ್ ಆಯಿತು. ಜೀವಕ್ಕೆ ಅಪಾಯವಿಲ್ಲ, ನೆನಪು ಬಂದರೂ ಬರಬಹುದು ಅಂದಿದ್ದಾರೆ. ಅಣ್ಣ ಈಗ ಕಣ್ಣು ಬಿಟ್ಟು ಎಲ್ಲರನ್ನೂ ಶಾಂತವಾಗಿ ನೋಡುತ್ತಾನೆ. ನಂದು ಅನ್ನುವುದಿಲ್ಲ, ನಮ್ಮವರು ಅನ್ನುವುದಿಲ್ಲ. ವರ್ಷಗಟ್ಟಲೆ ಕ್ಲಾಸಿಗೆ ಹೋಗಿ ಅವನು ಬಯಸಿದ್ದು ಇದನ್ನೇ ತಾನೆ? ಅತ್ತಿಗೆ ದಿನಾ ಬೆಳಿಗ್ಗೆ ಮಂಚದ ಪಕ್ಕ ಕೂತು, ತಾನು ಯಾರು ಅಂತ ಗಂಡನಿಗೆ ಮೊದಲಿನಿಂದ ಪರಿಚಯ ಮಾಡಿಕೊಡುತ್ತಾರೆ.

ಬಿಡುಗಡೆ ಅಂದರೆ ಇದೇ ಆಗಿದ್ದರೆ, ಅದು ಯಾರಿಗೆ ಬೇಕಿತ್ತು ಸ್ವಾಮಿ?