ತಂಗಿಯ ಕೈಬರಹದ ದೂರು

ಮೂರು ವರ್ಷದ ಹಿಂದಿನ ಶ್ರಾವಣ. ಹೈದರಾಬಾದಿನ ಮೆಹದಿಪಟ್ಟಣಂ ಹತ್ತಿರದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ನರ್ಸ್ ಆಗಿ ಸೇರಿ ಆಗಲೇ ಹನ್ನೊಂದು ವರ್ಷವಾಗಿತ್ತು. ನಮ್ಮದು ಬೀದರ್ ಕಡೆ. ತಂಗಿ ಸವಿತಾಳನ್ನೂ ಇದೇ ಊರಿಗೆ ಕೊಟ್ಟಿದ್ದೆವು. ಅವಳ ಗಂಡ ಜೀಡಿಮೆಟ್ಲಾದ ಔಷಧಿ ಕಾರ್ಖಾನೆಯಲ್ಲಿ ಸೂಪರ್‌ವೈಸರ್.

ಆ ಭಾನುವಾರ ನನಗೆ ವಾರದ ರಜೆ. ನಾಚಾರಂನಲ್ಲಿ ಸೋದರಮಾವನ ಹೊಸ ಮನೆಯ ಗೃಹಪ್ರವೇಶ. ಮಾಳಿಗೆಯ ಮೇಲೆ ಊಟದ ಪಂಕ್ತಿ ನಡೆದಿತ್ತು. ಸಾರು ಬಡಿಸುತ್ತ ಬಂದ ಸವಿತಾಳ ಕೈತಪ್ಪಿ ಗಂಡನ ಅಂಗಿಯ ಮೇಲೆ ನಾಲ್ಕು ಹನಿ ಬಿದ್ದವು. ಅವನು ಕೂತಲ್ಲಿಂದಲೇ ಅವಳ ಮಣಿಕಟ್ಟು ಹಿಡಿದು ತಿರುವಿದ. ಬಳೆ ಚಟಚಟನೆ ಒಡೆದವು. ಅವಳು ಕೂಗಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡು, ಯಾರೂ ನೋಡಿಲ್ಲ ತಾನೇ ಎಂಬಂತೆ ಸುತ್ತ ನೋಡಿ ನಕ್ಕಳು. ಇದು ಮೊದಲ ಸಲವಲ್ಲ ಎಂದು ಆ ನಗುವಿನಿಂದಲೇ ನನಗೆ ತಿಳಿಯಿತು. ಎದ್ದು ಹೋಗಿ ಅವನ ಕೆನ್ನೆಗೆ ಬಾರಿಸಿದೆ. ಒಂದಲ್ಲ, ಎರಡು.

ಯಾರೋ ಮೊಬೈಲ್ ಹಿಡಿದಿದ್ದರು. ಅದರಲ್ಲಿ ಸಿಕ್ಕಿದ್ದು ನನ್ನ ಏಟು ಮಾತ್ರ. ‘ಇಂಥ ಆಸ್ಪತ್ರೆಯ ನರ್ಸ್’ ಎಂದು ಹೆಸರು ಹಾಕಿ ಯಾರೋ ವಾಟ್ಸಪ್ಪಿಗೆ ಬಿಟ್ಟರು. ಎರಡೇ ದಿನದಲ್ಲಿ ಅದು ನಮ್ಮ ವಾರ್ಡಿಗೂ ಬಂತು.

ನಮ್ಮ ವಾರ್ಡಿನಲ್ಲಿ ಸೇಡಂ ಕಡೆಯ ಒಬ್ಬ ಅಜ್ಜಿ ಇದ್ದರು. ಕನ್ನಡ ಮಾತಾಡುವವಳೆಂದು ನನ್ನನ್ನು ಭಾಳ ಹಚ್ಚಿಕೊಂಡಿದ್ದರು. ಅವತ್ತು ಇಂಜೆಕ್ಷನ್ ಕೊಡಲು ಹೋದರೆ ಕೈಯನ್ನು ಚಾದರದೊಳಗೆ ಎಳೆದುಕೊಂಡರು.

“ಆ ಗಂಡಸಿಗೆ ಹೊಡ್ದಾಕಿ ನೀನೇ ಅಲ್ಲೇನವ್ವಾ?”

“ಹೌದ್ರಿ ಅಜ್ಜಿ, ನಾನೇ.”

“ಹಂಗಾರ ಬ್ಯಾರೇದಾಕಿನ್ನ ಕಳಸು. ಸಿಟ್ಟಿನ ಕೈಲಿ ಸೂಜಿ ಬ್ಯಾಡ ನನಗ.”

ಬೇರೆ ನರ್ಸನ್ನು ಕಳಿಸಿದೆ. ಔಷಧಿ ಇಡುವ ಕೋಣೆಯಲ್ಲಿ ನಿಂತು ನನ್ನ ಕೈ ನಾನೇ ನೋಡಿಕೊಂಡೆ.

ಅದೇ ವಾರ ನೋಟಿಸ್ ಬಂತು. ನನ್ನ ಖಾಸಗಿ ನಡತೆಯಿಂದ ಆಸ್ಪತ್ರೆಯ ಹೆಸರಿಗೂ ರೋಗಿಗಳ ನಂಬಿಕೆಗೂ ಧಕ್ಕೆಯಾಗಿದೆ, ಶಿಸ್ತುಕ್ರಮ ಯಾಕೆ ಕೈಗೊಳ್ಳಬಾರದು ಎಂದು ಕೇಳಿದ್ದರು. ಜೊತೆಗೆ ದೂರಿನ ಪ್ರತಿ. ಸವಿತಾಳ ಗಂಡನೇ ಬರೆದಿರುತ್ತಾನೆ ಎಂದುಕೊಂಡು ಬಿಡಿಸಿದರೆ, ಆಸ್ಪತ್ರೆಯವರಿಗೆ ತಿಳಿಯಲೆಂದು ಹಿಂದಿಯಲ್ಲಿ ಬರೆದಿದ್ದ ಆ ದುಂಡು ಅಕ್ಷರ ಸವಿತಾಳದು. ಶಾಲೆಗೆ ಹೋಗುವಾಗ ನಾನೇ ಪಕ್ಕದಲ್ಲಿ ಕೂತು ತಿದ್ದಿಸಿದ ಅಕ್ಷರ. ‘ನನ್ನ ಗಂಡ ನನ್ನ ಮೇಲೆ ಎಂದೂ ಕೈ ಮಾಡಿಲ್ಲ. ಅಕ್ಕನಿಗೆ ಮೊದಲಿನಿಂದಲೂ ಸಿಟ್ಟು ಜಾಸ್ತಿ’ ಎಂದು ಬರೆದು ಸಹಿ ಮಾಡಿದ್ದಳು.

ಮಧ್ಯಾಹ್ನ ಗಂಡ ಕೆಲಸಕ್ಕೆ ಹೋಗಿರುವ ಹೊತ್ತು ನೋಡಿ ಫೋನ್ ಮಾಡಿದೆ. ಅವಳು ಅಳತೊಡಗಿದಳು. “ಅವ್ರು ಮುಂದ ಕುಂತು ಬರೆಸ್ಯಾರ ಅಕ್ಕಾ. ನಾ ಏನ್ ಮಾಡ್ಲಿ? ನೀ ಅಲ್ಲಿ ಏನೂ ಹೇಳಬ್ಯಾಡ, ನಿನ್ನ ಕಾಲು ಬೀಳ್ತೀನಿ. ನೀ ಹೇಳಿದ್ರ ಹೊಡ್ತ ತಿನ್ನಾಕಿ ನಾನು.”

ವಿಚಾರಣೆಯ ದಿನ ಮೂವರು ಕೂತಿದ್ದರು. ನಡುವೆ ನಮ್ಮ ನರ್ಸಿಂಗ್ ಸೂಪರಿಂಟೆಂಡೆಂಟ್, ನನಗೆ ಕೆಲಸ ಕಲಿಸಿದ ತೆಲುಗು ಹೆಂಗಸು. ಮಾತೆಲ್ಲ ತೆಲುಗಿನಲ್ಲೇ ನಡೆಯಿತು.

“ಅವತ್ತು ನನಗೆ ರಜೆ ಇತ್ತು ಮೇಡಂ, ಯೂನಿಫಾರ್ಮ್ ಹಾಕಿರಲಿಲ್ಲ. ಅದು ನಮ್ಮ ಮನೆಯ ವಿಷಯ” ಎಂದೆ.

“ಇರಬಹುದು. ನಾಳೆ ವಾರ್ಡಿನಲ್ಲಿ ಯಾವನೋ ರೋಗಿ ನಿನಗೆ ಸಿಟ್ಟು ಬರಿಸಿದರೆ? ನಿನ್ನ ಕೈಗೆ ಸಿಕ್ಕವರಿಗೆ ನಾನು ಏನೆಂದು ಧೈರ್ಯ ಹೇಳಲಿ?”

ಹನ್ನೊಂದು ವರ್ಷದಲ್ಲಿ ಒಬ್ಬ ರೋಗಿಗಾದರೂ ದನಿಯೇರಿಸಿದ್ದೇನೆಯೇ ಎಂದು ಕೇಳಬೇಕೆನಿಸಿತು. ಆದರೆ ಅಜ್ಜಿ ಕೈ ಎಳೆದುಕೊಂಡದ್ದು ನೆನಪಾಯಿತು.

ಅವರು ಸ್ವಲ್ಪ ಮೆತ್ತಗಾಗಿ ಹೇಳಿದರು: “ಯಾಕೆ ಹೊಡೆದೆ, ಅದನ್ನಾದರೂ ಹೇಳಮ್ಮಾ. ಕಾರಣವಿದ್ದರೆ ಬರೆದುಕೊಳ್ಳುತ್ತೇನೆ.”

ಮೇಜಿನ ಮೇಲೆ ಸವಿತಾಳ ಪತ್ರ ಬಿಚ್ಚಿಟ್ಟಿತ್ತು. ನಾನು ನಿಜ ಹೇಳಿದರೆ ಅವಳು ಬರೆದದ್ದು ಸುಳ್ಳಾಗುತ್ತದೆ, ಅವನಿಗೂ ಗೊತ್ತಾಗುತ್ತದೆ.

“ಸಿಟ್ಟು ಬಂತು ಮೇಡಂ, ಹೊಡೆದೆ” ಎಂದೆ.

ಅವರು ಅಷ್ಟನ್ನೇ ಬರೆದುಕೊಂಡರು. ಆಮೇಲೆ ಹದಿನೈದು ದಿನ ಸಸ್ಪೆಂಡ್ ಮಾಡಿದರು. ನನ್ನ ಫೈಲಿಗೆ ಎಚ್ಚರಿಕೆ ಪತ್ರವೊಂದು ಸೇರಿತು. ಹದಿನಾರನೆಯ ದಿನ ಮತ್ತೆ ಡ್ಯೂಟಿಗೆ ಹೋದೆ. ಆ ಅಜ್ಜಿ ಅಷ್ಟರಲ್ಲಿ ಊರಿಗೆ ಹೋಗಿದ್ದರು. ಔಷಧಿ ಕಾರ್ಖಾನೆಯಲ್ಲಿ ತಂಗಿಯ ಗಂಡನನ್ನು ಮಾತ್ರ ಯಾರೂ ಏನೂ ಕೇಳಲಿಲ್ಲ.

ಇವತ್ತಿಗೂ ನನಗೆ ಇದು ಬಗೆಹರಿದಿಲ್ಲ. ರಜೆಯ ದಿನ, ನನ್ನವರ ನಡುವೆ ನಾನು ಮಾಡಿದ್ದನ್ನು ಕೇಳಲು ಆಸ್ಪತ್ರೆಯವರು ಯಾರು ಎಂದು ಒಮ್ಮೆ ಸಿಟ್ಟು ಬರುತ್ತದೆ. ಆ ಅಜ್ಜಿಯ ಭಯ ಸುಳ್ಳೇ ಎಂದೂ ಕೇಳಿಕೊಳ್ಳುತ್ತೇನೆ. ಸುಮ್ಮನಿದ್ದು ತಂಗಿಯನ್ನು ಉಳಿಸಿದೆನೋ, ಇನ್ನಷ್ಟು ಸಿಕ್ಕಿಸಿದೆನೋ, ಅದೂ ತಿಳಿಯದು.

ಸವಿತಾ ಈಗಲೂ ಆಗಾಗ ಫೋನ್ ಮಾಡುತ್ತಾಳೆ. “ಈಗ ಅವ್ರು ಕೈ ಮಾಡಂಗಿಲ್ಲ ಅಕ್ಕಾ” ಎನ್ನುತ್ತಾಳೆ.

“ಖರೇ ಹೇಳಾಕತ್ತೀಯೇನು?”

“ಖರೇ.”

ನೋವಿಲ್ಲ ಎನ್ನುವ ರೋಗಿಗೆ ನಿಜವಾಗಿ ನೋವಿದೆಯೋ ಇಲ್ಲವೋ, ಮುಖ ನೋಡಿದರೆ ಹೇಳಬಲ್ಲೆ. ವೀಡಿಯೊ ಕಾಲ್ ಮಾಡು ಎಂದರೆ ತಂಗಿ ಯಾವಾಗಲೂ ಏನಾದರೊಂದು ನೆಪ ಹೇಳುತ್ತಾಳೆ.