ಆಯುಧಪೂಜೆಯಲ್ಲಿ ಹೋದ ತುಕ್ಕು

ಮೈಸೂರಿನಲ್ಲಿ ನನಗೆ ಮನೆ ಕೊಡುವುದಿಲ್ಲ ಎಂದವರು ಮೊದಲು ಕಾಫಿ ಕೊಟ್ಟರು. ಸರಸ್ವತಿಪುರಂನ ಆ ಮನೆಯ ಗೇಟಿನಲ್ಲಿ ಬಾಡಿಗೆಯ ಬೋರ್ಡು ತೂಗುತ್ತಿತ್ತು. ಮನೆಯೊಡತಿ ಒಳಗೆ ಕರೆದು ಕೂರಿಸಿ, ಫ್ಯಾನು ಹಾಕಿ, ಸಂಡೂರು ಎಷ್ಟು ದೂರ ಎಂದು ಅಕ್ಕರೆಯಿಂದ ವಿಚಾರಿಸಿದರು. ಲೋಟ ಖಾಲಿಯಾಗುವ ಹೊತ್ತಿಗೆ ನಮ್ಮದು ಯಾವ ಜನ ಎಂದು ಕೇಳಿದರು. ಹೇಳಿದೆ. "ಅಯ್ಯೋ, ನಿನ್ನೆ ತಾನೆ ಬೇರೆಯವ್ರಿಗೆ ಮಾತು ಕೊಟ್ಬುಟ್ವಲ್ಲಮ್ಮ" ಎಂದು ಗೇಟಿನವರೆಗೂ ಬಂದು ಬೀಳ್ಕೊಟ್ಟರು. ತಿಂಗಳು ಕಳೆದರೂ ಬೋರ್ಡು ಇಳಿಯಲಿಲ್ಲ. ನಮ್ಮ ಕಡೆ ಬೇಡದವರನ್ನು ಮುಖಕ್ಕೆ ಹೊಡೆದ ಹಾಗೆ ಬೇಡ ಎನ್ನುತ್ತಾರೆ, ತಿರುಗಿ ಜಗಳವಾದರೂ ಆಡಬಹುದು. ಕಾಫಿ ಕೊಟ್ಟವರ ಮೇಲೆ ಏನು ಜಗಳ ಆಡುವುದು?

ಕೊನೆಗೆ ಕೆಸರೆಯಲ್ಲಿ ಒಂದು ಕೋಣೆ ಸಿಕ್ಕಿತು. ನಾನು ರೊಟ್ಟಿ ಬಡಿಯುವ ಸದ್ದಿಗೆ ಕೆಳಗಿನ ಮನೆಯವರು ಮೇಲೆ ಬಂದು, ಗೋಡೆ ಒಡೆಯುತ್ತಿದ್ದೀರಾ ಎಂದು ವಿನಯದಿಂದ ಕೇಳಿದರು. ಅಂದಿನಿಂದ ಅನ್ನ ಸಾರು. ಇಲ್ಲಿಯವರ ಬಾಯಲ್ಲಿ 'ಬಿಡಿ' ಎನ್ನುವುದು 'ಬುಡಿ' ಆಗುತ್ತದೆ. 'ಮಾಡೋಣ ಬುಡಿ' ಎಂದರೆ ಆ ಕೆಲಸ ಆಗುವುದಿಲ್ಲ ಎಂದು ಅರ್ಥ. ಇದನ್ನು ಕಲಿಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು, ಅದೂ ನನ್ನ ಗೈಡ್ ದಯೆಯಿಂದ.

ನಾನು ಇಲ್ಲಿಗೆ ಬಂದದ್ದು ಲೋಹಶಾಸ್ತ್ರದಲ್ಲಿ ಪಿಎಚ್.ಡಿ. ಮಾಡಲು. ನನ್ನ ವಿಷಯ ತುಕ್ಕು. ನೀವು ನಗುತ್ತೀರಿ ಎಂದು ಗೊತ್ತು. ಸಂಡೂರಿನಲ್ಲಿ ಅದಿರಿನ ಲಾರಿ ಹೋದ ಮೇಲೆ ಊರೇ ತುಕ್ಕಿನ ಬಣ್ಣ, ಅದನ್ನು ಓದಲು ಮೈಸೂರಿಗೆ ಯಾಕೆ ಹೋಗಬೇಕಿತ್ತು ಎಂದು ನಮ್ಮ ಚಿಕ್ಕಪ್ಪ ಕೇಳಿಯೇ ಕೇಳಿದ. ಕೆಲವು ಬಗೆಯ ಉಕ್ಕು ಮಳೆ ಬಿಸಿಲಿಗೆ ತುಕ್ಕು ಹಿಡಿಯುತ್ತದೆ, ಆದರೆ ಆ ತುಕ್ಕೇ ಬರಬರುತ್ತಾ ಗಟ್ಟಿ ಪದರವಾಗಿ ಒಳಗಿನ ಉಕ್ಕನ್ನು ಕಾಯುತ್ತದೆ. ಆ ಪದರ ಹೇಗೆ ಕಟ್ಟಿಕೊಳ್ಳುತ್ತದೆ ಎಂದು ನೋಡುವುದು ನನ್ನ ಕೆಲಸ. ಅಂಗೈಯಗಲದ ಉಕ್ಕಿನ ಫಲಕಗಳನ್ನು ವಿಭಾಗದ ಟೆರೇಸಿನ ಮೇಲೆ ಸಾಲಾಗಿ ಕಟ್ಟಿದ್ದೆ. ಮಳೆಗಾಲ ಮುಗಿದಾಗಲೆಲ್ಲ ಒಂದೊಂದನ್ನು ಇಳಿಸಿ, ಕತ್ತರಿಸಿ, ಮೈಕ್ರೋಸ್ಕೋಪಿನಲ್ಲಿ ನೋಡಬೇಕು. ಉಳಿದವನ್ನು ಬೆರಳಿನಿಂದಲೂ ಮುಟ್ಟುವಂತಿಲ್ಲ. ಮೊದಲ ಸಲ ಆ ಪದರ ಕಂಡಾಗ ಒಬ್ಬಳೇ ನಕ್ಕಿದ್ದೆ, ತೋರಿಸಲು ಪಕ್ಕದಲ್ಲಿ ಯಾರೂ ಇರಲಿಲ್ಲ. ಗೈಡನ್ನು ಟೆರೇಸಿಗೆ ಕರೆದಾಗಲೆಲ್ಲ "ನೋಡೋಣ ಬುಡಿ" ಎನ್ನುತ್ತಿದ್ದರು.

ಮೂರನೆಯ ಮಳೆಗಾಲ ಮುಗಿಯಿತು. ಇನ್ನು ಕೊನೆಯ ಫಲಕಗಳನ್ನು ಇಳಿಸಿ ನೋಡಿದರೆ ಪ್ರಬಂಧ ಮುಗಿದ ಹಾಗೆ. ಬಳ್ಳಾರಿಯ ಒಂದು ಕಾಲೇಜಿನವರು ನನಗಾಗಿ ಒಂದು ಹುದ್ದೆ ಹಿಡಿದಿಟ್ಟಿದ್ದರು, ಆ ವರ್ಷದೊಳಗೆ ಡಿಗ್ರಿ ತಂದರೆ ಮಾತ್ರ. ದಸರಾ ಕಳೆದ ಮೇಲೆ ಫಲಕ ಇಳಿಸುವುದು, ಯುಗಾದಿಗೆ ಊರಿನಲ್ಲಿರುವುದು ಎಂದು ಅವ್ವನಿಗೆ ಹೇಳಿದ್ದೆ.

ಮೈಸೂರಿನ ಆಯುಧಪೂಜೆ ನಿಮಗೆ ಗೊತ್ತಿಲ್ಲ. ನಮ್ಮ ಕಡೆ ಬನ್ನಿ ಹಂಚುವುದೇ ದೊಡ್ಡದು. ಇಲ್ಲಿ ಲ್ಯಾಬಿನ ಕುಲುಮೆ, ತಕ್ಕಡಿ, ಸುತ್ತಿಗೆ, ಕೊನೆಗೆ ನೀರಿನ ಫಿಲ್ಟರ್ ಕೂಡ ಮಿಂದು ಕುಂಕುಮ ಇಟ್ಟುಕೊಳ್ಳಬೇಕು. ಹೂವು, ಬೂದುಗುಂಬಳ ತರಲು ನನ್ನನ್ನು ಮಾರ್ಕೆಟಿಗೆ ಕಳಿಸಿದರು. ವಾಪಸು ಬಂದಾಗ ಬಾಳೆಯೆಲೆಯ ಮೇಲೆ ಒಂದಷ್ಟು ಫಲಕಗಳು ಫಳಫಳ ಹೊಳೆಯುತ್ತಿದ್ದವು. ಯಾವುದೋ ಹೊಸ ಸಾಮಾನು ಎಂದುಕೊಂಡೆ. ಹತ್ತಿರ ಹೋದರೆ ಅಂಚಿನಲ್ಲಿ ನಾನೇ ಕೊರೆದ ಗುರುತುಗಳು. ಹುಣಸೆಹಣ್ಣು ಹಚ್ಚಿ ಎಮರಿ ಕಾಗದದಲ್ಲಿ ಉಜ್ಜಿದ್ದರು. ಎಲ್ಲದರ ಮೇಲೂ ಒಂದೊಂದು ಕುಂಕುಮದ ಬೊಟ್ಟು. ಗೈಡ್ ಆರತಿ ಎತ್ತುತ್ತಿದ್ದರು.

ಉಜ್ಜಿಸಿದ್ದು ಅವರೇ. ಸ್ವಚ್ಛತೆ ನೋಡಲು ಅಂದು ಬೆಳಿಗ್ಗೆ ಟೆರೇಸಿಗೆ ಹತ್ತಿದ್ದರಂತೆ, ಮೂರು ವರ್ಷದಲ್ಲಿ ಮೊದಲ ಸಲ. ಆ ಫಲಕಗಳ ಬಗ್ಗೆ ನಾನು ಬರೆದ ಲೇಖನದಲ್ಲಿ ನನ್ನ ಹೆಸರಿಗಿಂತ ಮೊದಲು ಅವರ ಹೆಸರಿತ್ತು. ನಾನು ಫಲಕಗಳತ್ತ ಬೆರಳು ತೋರಿಸಿದೆ.

"ಇವು ನಿಮ್ದಾ? ಮೊದ್ಲೇ ಒಂದ್ಮಾತು ಹೇಳ್ಬಾರ್ದಾಗಿತ್ತಾ?" ಎಂದರು. ಆಮೇಲೆ ತಗ್ಗಿದ ದನಿಯಲ್ಲಿ, "ತುಕ್ಕು ಹಿಡಿದಿದ್ದನ್ನ ಇಟ್ಕೊಂಡು ಪೂಜೆ ಮಾಡಬಾರ್ದು ಕಣ್ರೀ. ಹೋಗ್ಲಿ ಬುಡಿ, ಇನ್ನೊಂದೆರಡು ಮಳೆಗಾಲ ನೋಡಿದ್ರಾಯ್ತು" ಎಂದು ನನ್ನ ಕೈಗೆ ಕಡಲೆಪುರಿ ಹಾಕಿದರು. ಎಲ್ಲರೂ ನೋಡುತ್ತಿದ್ದರು. ನಾನು ಅದನ್ನು ತಿಂದೆ. ಅವರ ಮುಖದ ಮೇಲೆ ಎಸೆಯಬೇಕಿತ್ತು.

ಬಳ್ಳಾರಿಯ ಹುದ್ದೆಗೆ ಬೇರೆಯವರು ಬಂದರು. ಯುಗಾದಿಗೆ ಊರಿಗೆ ಹೋದಾಗ ಚಿಕ್ಕಪ್ಪ, ತುಕ್ಕು ಓದುವವರಿಗೆ ತುಕ್ಕು ಹಿಡಿಯಿತೇನು ಎಂದ. ಎಲ್ಲರೂ ನಕ್ಕರು, ಅವ್ವನೂ ಸ್ವಲ್ಪ. ಎರಡೇ ದಿನಕ್ಕೆ ಬಸ್ಸು ಹತ್ತಿದೆ.

ಬಂದವಳು ಹೊಸ ಫಲಕಗಳನ್ನು ಕಟ್ಟಿ, ಟೆರೇಸಿನ ಬಾಗಿಲಿಗೆ ನನ್ನದೇ ಬೀಗ ಹಾಕಿದೆ. ಆಮೇಲೆ ಆಕಾಶ ನೋಡುವುದೇ ಕೆಲಸವಾಯಿತು. ಮೊನ್ನೆ ಸಂಜೆ ಇಲ್ಲಿ ಮೊದಲ ಮಳೆ ಸುರಿಯಿತು. ಮೇಲೆ ಓಡಿಹೋಗಿ ಒದ್ದೆಯಾಗುತ್ತಾ ನಿಂತೆ. ಅಷ್ಟರಲ್ಲಿ ಅವ್ವನ ಫೋನು ಬಂತು. ಬೋರು ಬತ್ತಿದೆ, ಕೊಡ ಹಿಡಿದು ಟ್ಯಾಂಕರಿಗೆ ಕಾಯುತ್ತಿದ್ದೇನೆ ಎಂದಳು.

"ಇಲ್ಲಿ ಒಂದು ಹನಿ ಇಲ್ಲ ಮಗಳೇ."

"ನಮ್ಮಲ್ಲಿ ಚೆನ್ನಾಗಿ ಬಂತವ್ವಾ" ಎಂದೆ. ನನ್ನ ದನಿಯಲ್ಲಿದ್ದ ಖುಷಿ ನನಗೇ ಕೇಳಿಸಿತು. ಅವ್ವ "ಹೌದಾ, ನಿಮ್ಮಲ್ಲಿ ಬಂತಾ" ಎಂದು ಫೋನಿಟ್ಟಳು.